ಹನ್ನೊಂದು ಕಂಬಿ ಎಣಿಸುತ್ತಿದ್ದವರು

ಕಳೆದ ವಾರ ಕಾಫಿಗೆ ಹಾಲು ಕಾಯಿಸುತ್ತಿದ್ದಾಗ, ಹೈಸ್ಕೂಲಿನಲ್ಲಿ ಆಟ, ಈಜು ಕಲಿಸುತ್ತಿದ್ದ ನಮ್ಮ ಪಿ.ಟಿ. ಮೇಡಂ ಫೋನ್ ಮಾಡಿದರು. "ನಮ್ಮ ಕೊಳದವರು ಹೋಗ್ಬಿಟ್ರಂತೆ ಕಣ್ರೀ" ಎಂದರು. ಊರಿನಲ್ಲೇ, ಮಲಗಿದ್ದಲ್ಲೇ ಹೋದರಂತೆ. ಸುದ್ದಿ ನಮಗೆ ತಲುಪುವಷ್ಟರಲ್ಲಿ ಮೂರು ದಿನವಾಗಿತ್ತು. ನಾನು ಗ್ಯಾಸ್ ಆರಿಸಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ. ನನಗೆ ಅಳು ಸುಲಭಕ್ಕೆ ಬರುವುದಿಲ್ಲ. ಫೋನ್ ಆಫೀಸಿನಲ್ಲಿ ಮೂವತ್ತು ವರ್ಷ ಜನರ ಬೈಗುಳ ಕೇಳಿ ಗಟ್ಟಿಯಾದವಳು. ಆವತ್ತು ಮಾತ್ರ ಅತ್ತೆ.

ಕೊಳದವರು ಎಂದರೆ ನಮ್ಮ ಸರಸ್ವತಿಪುರಂ ಕ್ಲಬ್ಬಿನ ಈಜುಕೊಳವನ್ನು ನೋಡಿಕೊಳ್ಳುತ್ತಿದ್ದವರು. ಕ್ಲಬ್ಬು ಎಂದು ಹೆಸರು ದೊಡ್ಡದು, ಇರುವುದು ಎರಡು ಕೇರಂ ಬೋರ್ಡು, ಪೇಪರ್ ಓದುವ ಒಂದು ಕೋಣೆ, ಹಿಂದುಗಡೆ ಒಂದು ಕೊಳ. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಕೊಳ ಅವರ ಕೈಯಲ್ಲಿತ್ತು. ಅವರಿಗೊಂದು ಹೆಸರಿತ್ತು, ಯಾರೂ ಕರೆಯುತ್ತಿರಲಿಲ್ಲ. ದೊಡ್ಡವರಿಗೆ "ಕೊಳದವರು", ಮಕ್ಕಳಿಗೆ "ನೀರು ತಾತ". ನಾನು "ರೀ" ಎಂದೇ ಕಳೆದುಬಿಟ್ಟೆ. ಈಗ ಬರೆಯಲು ಕೂತಾಗ ಅದಕ್ಕೆ ನಾಚಿಕೆಯಾಗುತ್ತದೆ.

ಗಿಡ್ಡ ಆಳು, ಅಗಲ ಎದೆ, ಕಡ್ಡಿಯಂಥ ಕಾಲು. ಮೊಣಕಾಲಿನವರೆಗೆ ಬರುವ ಖಾಕಿ ಚಡ್ಡಿ, ಹೆಗಲ ಮೇಲೆ ಚೌಕಳಿ ಟವೆಲ್ಲು, ಕರಿದಾರದಲ್ಲಿ ಕಟ್ಟಿದ ಸೀಟಿ. ಕಪಿಲೆಯ ದಂಡೆಯ, ನಂಜನಗೂಡು ಕಡೆಯ ಹಳ್ಳಿಯವರು. ಮೈಯೆಲ್ಲ ಬ್ಲೀಚಿಂಗ್ ಪುಡಿಯ ವಾಸನೆ. "ಬಸ್ಸಲ್ಲಿ ಪಕ್ಕದಲ್ಲಿ ಕುಂತೋರು, ಆಸ್ಪತ್ರೇಲಿ ಕೆಲ್ಸಾನಾ ಅಂತ ಕೇಳ್ತಾರೆ ಅಮ್ಮಾವ್ರೇ. ಊಂ ಅಂತೀನಿ. ಇಲ್ಲಾಂದ್ರೆ ಈಜುಕೊಳ ಅಂದ್ರೇನು ಅಂತ ನಂಜನಗೂಡು ಗಂಟ ಯೋಳ್ಬೇಕು" ಎಂದು ಒಮ್ಮೆ ಹೇಳಿದ್ದರು.

ನಾನು ಈಜಲು ಹೋದವಳಲ್ಲ. ನಿವೃತ್ತಿಯಾದ ವರ್ಷವೇ ಮಂಡಿ ಮುಷ್ಕರ ಹೂಡಿತು. ನೀರಿನಲ್ಲಿ ನಡೆಯಿರಿ, ಇಲ್ಲವಾದರೆ ಆಪರೇಷನ್ನಿಗೆ ತಯಾರಾಗಿ ಎಂದರು ಡಾಕ್ಟರು. ಹೆಂಗಸರ ಹೊತ್ತು ಬೆಳಿಗ್ಗೆ ಏಳರಿಂದ ಎಂಟು. ಮೊದಲ ದಿನ ಮೆಟ್ಟಿಲ ಕಂಬಿ ಹಿಡಿದು ಸೊಂಟದವರೆಗೆ ಇಳಿದವಳು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಅವರು ದಡದಲ್ಲಿ ಕುಕ್ಕರಗಾಲಲ್ಲಿ ಕೂತು, "ಅಮ್ಮಾವ್ರೇ, ಮನೇಲಿ ಎಷ್ಟು ಸೊಸೇರು?" ಎಂದು ಕೇಳಿದರು. ಇದೇನು ಪ್ರಶ್ನೆ ಎಂದು ಸಿಡುಕಿದೆ. "ಅಲ್ಲ, ಈ ಕಂಬೀನ ಹಿಡ್ಕೊಂಡಿರೋದು ನೋಡಿದ್ರೆ ಬೀರುವಿನ ಬೀಗದಕೈ ಹಿಡ್ಕೊಂಡಂಗೈತೆ. ಬುಡಿ, ಯಾರೂ ಕಿತ್ಕೊಳಾಕಿಲ್ಲ" ಎಂದರು. ನಗು ಬಂದು ಕೈ ಸಡಿಲವಾಯಿತು. ಆ ವರ್ಷದ ಕೊನೆಗೆ ನಾನು ಕೊಳದ ಈ ತುದಿಯಿಂದ ಆ ತುದಿಗೆ ಈಜುತ್ತಿದ್ದೆ. ಐವತ್ತೊಂಬತ್ತು ವಯಸ್ಸಿನಲ್ಲಿ ನನಗೆ ಸಿಕ್ಕಿದ ದೊಡ್ಡ ಸಂತೋಷ ಅದು, ಉತ್ಪ್ರೇಕ್ಷೆಯೇನಲ್ಲ.

ಅವರ ಕಟ್ಟುನಿಟ್ಟು ಮಾತ್ರ ಕಿರಿಕಿರಿಯದು. ಕಾಲು ಎರಡು ಸಲ ತೊಳೆಯಬೇಕು, ಒಂದು ಸಲ ನಲ್ಲಿಯ ಕೆಳಗೆ, ಇನ್ನೊಂದು ಸಲ ಅವರ ಕಣ್ಣೆದುರಿಗೆ. ಎಣ್ಣೆ ತಲೆಯವರಿಗೆ ಪ್ರವೇಶವೇ ಇಲ್ಲ. ಕ್ಲಬ್ಬಿನ ಅಧ್ಯಕ್ಷರ ಹೆಂಡತಿ ಒಂದು ಶನಿವಾರ ಕೊಬ್ಬರಿ ಎಣ್ಣೆ ಹಚ್ಚಿದ ತಲೆಗೆ ಟೋಪಿ ಏರಿಸಿಕೊಂಡು ಬಂದಿದ್ದರು. ಇವರು ಮೂರು ಮಾರು ದೂರದಿಂದಲೇ ಮೂಗು ಮೇಲೆತ್ತಿ, "ಅಮ್ಮಾವ್ರು ಇವತ್ತು ಮನೇಲೇ ಅಭ್ಯಂಜನ ಮುಗಿಸ್ಕೊಂಡು ನಾಳೆ ಬನ್ನಿ" ಎಂದು ಕೈ ಮುಗಿದರು. ಆಕೆ ಗಂಡನಿಗೆ ದೂರು ಕೊಟ್ಟರು. ಗಂಡ, ಅಂದರೆ ನಿವೃತ್ತ ಪ್ರಿನ್ಸಿಪಾಲರು, ಮಾರನೆಯ ದಿನ ತಾವೇ ಎರಡು ಸಲ ಕಾಲು ತೊಳೆದು ಇಳಿದರು. ಅವರಿಗೂ ಇವರ ಹೆದರಿಕೆ ಇತ್ತು.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಎಂದರೆ ಕಂಬಿ ಎಣಿಸುವುದು. ಕೊಳದ ಆಳದ ತುದಿಯಲ್ಲಿ, ತಳದಲ್ಲಿ, ನೀರು ಹೊರಹೋಗುವ ಬಾಯಿಗೆ ಒಂದು ಸ್ಟೀಲ್ ಜಾಲರಿ ಕೂರಿಸಿದೆ. ಅದಕ್ಕೆ ಹನ್ನೊಂದು ಕಂಬಿ. ಬೆಳಕು ಹರಿದ ಮೇಲೆ ಇವರು ದಡದಲ್ಲಿ ನಿಂತು, ಬೆನ್ನ ಹಿಂದೆ ಕೈ ಕಟ್ಟಿ, ತುಟಿ ಆಡಿಸುತ್ತಾ ಒಂದೊಂದೇ ಎಣಿಸುತ್ತಿದ್ದರು. ಹೊಸಬರು ಮಂತ್ರ ಹೇಳುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಹನ್ನೊಂದೂ ಕಂಡರೆ ಗೇಟು ತೆಗೆಯುತ್ತಿದ್ದರು. ಹತ್ತು ಕಂಡರೆ "ಇವತ್ತಿಲ್ಲ". ಆ "ಇವತ್ತಿಲ್ಲ"ಕ್ಕೆ ಅಪೀಲು ಇರಲಿಲ್ಲ.

ಇದ್ಯಾಕೆ ಇಷ್ಟು ಹಟ ಎಂದು ನಾನೇ ಒಂದು ದಿನ ಜಗಳ ತೆಗೆದಿದ್ದೆ. ಅವರು ಜಗಳಕ್ಕೆ ಬರಲಿಲ್ಲ. "ಸಿನಿಮಾದಲ್ಲಿ ಕಾಪಾಡಿ ಕಾಪಾಡಿ ಅಂತ ಕೂಗ್ತಾರಲ್ಲ ಅಮ್ಮಾವ್ರೇ, ಅಂಗೆಲ್ಲ ಇಲ್ಲ. ಮುಳುಗೋರು ಕೂಗಾಕಿಲ್ಲ. ಸದ್ದೇ ಬರಾಕಿಲ್ಲ. ಕಣ್ಣಿಗೆ ಕಂಡ್ರೆ ಉಂಟು, ಇಲ್ಲಾಂದ್ರೆ ಇಲ್ಲ. ತಳ ಕಾಣದಿರೋ ನೀರ್ಗೆ ನಾನು ಯಾರ್ನೂ ಇಳ್ಸಾಕಿಲ್ಲ" ಎಂದರು.

ಪಕ್ಕದ ಹಳೆಯ ಬಂಗಲೆ ಮಾರಾಟವಾದದ್ದು ಇದಾದ ಕೆಲವು ವರ್ಷಗಳ ಮೇಲೆ. ಮಾವಿನ ಮರ ಉರುಳಿಸಿ, ಮನೆ ಕೆಡವಿ, ಆರು ಅಂತಸ್ತಿನ ಅಪಾರ್ಟ್‌ಮೆಂಟಿಗೆ ಪಾಯ ತೋಡಿದರು. ಕೊಳಕ್ಕೂ ಆ ಜಾಗಕ್ಕೂ ನಡುವೆ ಒಂದೇ ಗೋಡೆ. ಆಷಾಢದ ಗಾಳಿ ಶುರುವಾಗುತ್ತಿದ್ದಂತೆ ಅಲ್ಲಿನ ಮಣ್ಣು, ಸಿಮೆಂಟು, ಕಲ್ಲು ಕುಯ್ಯುವ ಪುಡಿ ಎಲ್ಲ ಗೋಡೆ ಹಾರಿ ನಮ್ಮ ನೀರಿಗೆ ಬೀಳತೊಡಗಿತು. ಬೆಳಿಗ್ಗೆ ಬಂದು ನೋಡಿದರೆ ಕೊಳದ ಮೇಲೆ ಹಾಲಿನ ಕೆನೆಯ ಹಾಗೆ ಒಂದು ಪದರ.

ಅವರು ಆಗ ಪಟ್ಟ ಪಾಡು ನಾನು ಕಣ್ಣಾರೆ ಕಂಡದ್ದು. ಸಂಜೆ ನೀರಿಗೆ ಪಟಿಕ ಕಲಸಿ ಬಿಡುತ್ತಿದ್ದರು, ಧೂಳು ಗಂಟಾಗಿ ತಳಕ್ಕೆ ಕೂರಲಿ ಎಂದು. ಬೆಳಿಗ್ಗೆ ಉದ್ದ ಕೋಲಿನ ತುದಿಯ ಬ್ರಷ್ಷಿಗೆ ಪೈಪು ಸಿಕ್ಕಿಸಿ ಆ ಕೆಸರನ್ನು ಹೀರಿ ತೆಗೆಯುತ್ತಿದ್ದರು. ಬೇಗ ಎಳೆದರೆ ಕೆಸರು ಎದ್ದು ಮತ್ತೆ ಬಗ್ಗಡವಾಗುತ್ತದೆ ಎಂದು, ರಂಗೋಲಿ ಎಳೆ ಎಳೆಯುವವರಂತೆ ನಿಧಾನವಾಗಿ ಕೋಲು ನಡೆಸುತ್ತಿದ್ದರು. ಗೋಡೆಗೆ ಹಸಿರು ಬಲೆ ಕಟ್ಟಿ ಅದರ ಮೇಲೆ ಒದ್ದೆ ಗೋಣಿ ತೂಗುಹಾಕಿದರು. ಆಮೇಲೆ ಒಂದು ದಿನ ಹೆಂಗಸರನ್ನೆಲ್ಲ ನಿಲ್ಲಿಸಿ, "ಅಮ್ಮಾವ್ರುಗಳೇ, ಮನೇಲಿ ಉಡದೆ ಇರೋ ನೈಲಾನ್ ಸೀರೆ ಇದ್ರೆ ಕೊಡಿ. ನೀರು ಫಿಲ್ಟರಿಗೆ ಹೋಗೋ ಬಾಯಲ್ಲಿರೋ ಬುಟ್ಟಿಗೆ ಸುತ್ತುತೀನಿ. ಸಣ್ಣ ಧೂಳು ಅದ್ರಲ್ಲೇ ಸಿಕ್ಕಾಕೊಳ್ತದೆ" ಎಂದರು. ನಮಗೆ ನಗುವೋ ನಗು. ನಾನು ಅತ್ತೆಯವರ ನೇರಳೆ ಬಣ್ಣದ ಸೀರೆ ತಂದುಕೊಟ್ಟೆ. ಬದುಕಿದ್ದಾಗ ಒಂದು ದಿನವೂ ನೀರಿನ ಹತ್ತಿರ ಸುಳಿಯದ ನಮ್ಮತ್ತೆಯ ಸೀರೆ ಆರು ತಿಂಗಳು ಈಜುಕೊಳದಲ್ಲಿ ಧೂಳು ಸೋಸಿತು.

ಪಕ್ಕದವರ ಜೊತೆ ಜಗಳ ಆಡಿ ಎಂದು ಅಧ್ಯಕ್ಷರು ಇವರನ್ನೇ ಕಳಿಸಿದರು. ಜಗಳಕ್ಕೆ ಹೋದವರು ಅಲ್ಲಿನ ಗಾರೆ ಮೇಸ್ತ್ರಿಯ ಜೊತೆ ಟೀ ಕುಡಿದು ಬಂದರು. ಮೇಸ್ತ್ರಿ ಕೊಳ್ಳೇಗಾಲದ ಕಡೆಯವನು. ನಲವತ್ತು ದಾಟಿದ, ಬಾಯ್ತುಂಬ ಎಲೆಯಡಿಕೆಯ ಮನುಷ್ಯ. ಫಿಲ್ಟರಿನೊಳಗಿನ ಮರಳನ್ನು ತೊಳೆಯಲು ಆಗಾಗ ನೀರನ್ನು ಉಲ್ಟಾ ಹರಿಸಿ ಹೊರಗೆ ಬಿಡಬೇಕು. ಧೂಳಿನ ದೆಸೆಯಿಂದ ಇವರು ಅದನ್ನು ದಿನಕ್ಕೆ ಎರಡು ಸಲ ಮಾಡುತ್ತಿದ್ದರು, ಅಷ್ಟೂ ನೀರು ಚರಂಡಿಗೆ ಹೋಗುತ್ತಿತ್ತು. "ಮೇಸ್ತ್ರಿ, ನಿಮ್ಮ ಧೂಳು ನಮ್ಗೆ ಬತ್ತಾ ಐತೆ, ನಮ್ಮ ನೀರು ನಿಮ್ಗೆ ಬರ್ಲಿ ಬುಡಿ" ಎಂದು ಆ ನೀರನ್ನು ಪೈಪಿನಲ್ಲಿ ಗೋಡೆಯಾಚೆ ಬಿಟ್ಟರು. ಗಾರೆ ಕೆಲಸದವರು ಅದರಲ್ಲಿ ನೆಲ ನೆನೆಸಿದರು, ಮಣ್ಣಿನ ರಾಶಿ ನೆನೆಸಿದರು. ನೆನೆದ ಮಣ್ಣು ಹಾರಲಿಲ್ಲ. ಕಲ್ಲು ಕುಯ್ಯುವ ಮೆಷಿನ್ನು ಮಧ್ಯಾಹ್ನ ಮಾತ್ರ ಎಂದು ಒಪ್ಪಂದವಾಯಿತು. ನಮ್ಮ ಅಧ್ಯಕ್ಷರು ಬರೆದ ಮೂರು ಇಂಗ್ಲಿಷ್ ಪತ್ರಗಳಿಗೆ ಆಗದ ಕೆಲಸ ಅದು.

ಇಷ್ಟಾದರೂ "ಇವತ್ತಿಲ್ಲ" ಹೆಚ್ಚುತ್ತಲೇ ಹೋಯಿತು. ವಾರಕ್ಕೆ ಒಂದು ದಿನ ಇದ್ದದ್ದು ಮೂರಾಯಿತು, ನಾಲ್ಕಾಯಿತು. ನಾನು ದಡದಲ್ಲಿ ನಿಂತು ನೋಡುತ್ತಿದ್ದೆ, ನನಗೇನೋ ನೀರು ಚೆನ್ನಾಗಿಯೇ ಕಾಣುತ್ತಿತ್ತು. "ನನಗೆ ಹನ್ನೊಂದೂ ಕಾಣ್ತಿದೆಯಲ್ರೀ" ಎಂದರೆ, "ಒಂಬತ್ತೇ ಅಮ್ಮಾವ್ರೇ. ಸಿಮೆಂಟು ಪುಡಿ ಇನ್ನೂ ನೀರಲ್ಲೇ ತೇಲ್ತಾ ಐತೆ" ಎಂದು ಮತ್ತೆ ಕೋಲು ಹಿಡಿಯುತ್ತಿದ್ದರು. ಮಂಡಿ ನೋವು ಮರಳಿ ಬಂದಿತ್ತು, ನನಗೆ ಸಿಟ್ಟು. "ನಿಮ್ಮ ಹಟಕ್ಕೆ ನಮ್ಮ ಕಾಲು ಬಲಿ" ಎಂದು ಒಂದು ದಿನ ಎಲ್ಲರೆದುರಿಗೆ ಅಂದುಬಿಟ್ಟೆ. ಅವರು ತಲೆ ತಗ್ಗಿಸಿ ಕೋಲಿನ ತುದಿಯ ಬ್ರಷ್ಷು ಬಿಗಿ ಮಾಡುತ್ತಾ ಕೂತರು. ಆ ಮಾತು ನಾನು ಆಡಬಾರದಿತ್ತು.

ಸದಸ್ಯರು ಬರುವುದು ಕಡಿಮೆಯಾಯಿತು. ಭಾದ್ರಪದದಲ್ಲಿ ಕಮಿಟಿ ಕೂತು ತೀರ್ಮಾನ ಮಾಡಿತು. ಪ್ರತಿವರ್ಷ ವಿಜಯದಶಮಿಯ ದಿನ ನಮ್ಮಲ್ಲಿ ಹೊಸಬರನ್ನು ನೀರಿಗಿಳಿಸುವ ಪದ್ಧತಿ. ಹಾಡು, ಅಕ್ಷರ ಆರಂಭಿಸುವ ಹಾಗೆ ಈಜು ಆರಂಭಿಸುವುದು, ಇದೂ ಅವರೇ ಹಾಕಿದ ಪದ್ಧತಿ. ಈ ಸಲ ಆವತ್ತು ಹೊಸ ತಂಡ ಶುರುವಾದರೆ ಕೊಳ ಉಳಿಯುತ್ತದೆ. ಆಗದಿದ್ದರೆ ಕೊಳದ ಮೇಲೆ ಹಲಗೆ ಹಾಸಿ ಶಟಲ್ ಕೋರ್ಟು. ಅಧ್ಯಕ್ಷರು ಇದನ್ನು ಹೇಳಿದಾಗ ಇವರು "ಆಯ್ತು ಸಾರ್" ಎಂದಷ್ಟೇ ಅಂದರು. ಆಮೇಲೆ ಮನೆಮನೆಗೆ ಹೋಗಿ ಹನ್ನೆರಡು ಮಕ್ಕಳ ಹೆಸರು ಬರೆಸಿಕೊಂಡು ಬಂದರು. ತಾಯಂದಿರಿಗೆ ಅವರು ಏನು ಹೇಳಿ ಒಪ್ಪಿಸಿದರೋ ಗೊತ್ತಿಲ್ಲ, ಹನ್ನೆರಡರಲ್ಲಿ ಎಂಟು ಹೆಣ್ಣುಮಕ್ಕಳು.

ನವರಾತ್ರಿಯಲ್ಲಿ ನೀರು ತಿಳಿಯಾಗಿತ್ತು. ಪಕ್ಕದ ಕೆಲಸಕ್ಕೂ ಅರ್ಧ ರಜೆ. ಆಯುಧಪೂಜೆಯ ದಿನ ಮಧ್ಯಾಹ್ನ ಇವರು ಪಂಪು, ಫಿಲ್ಟರು, ಕೋಲು ಎಲ್ಲಕ್ಕೂ ಚೆಂಡುಹೂ ಮುಡಿಸಿ, ನಮಗೆಲ್ಲ ಪುರಿ ಕಡ್ಲೆ ಹಂಚುತ್ತಿದ್ದರು. ಆಗ ಗೋಡೆಯಾಚೆಯ ಮೇಸ್ತ್ರಿ ತನ್ನವರನ್ನೆಲ್ಲ ಕಟ್ಟಿಕೊಂಡು ಬಂದ, ಕೈಯಲ್ಲಿ ಬುರುಡೆ ದಪ್ಪದ ಬೂದುಗುಂಬಳಕಾಯಿ. "ಅಣ್ಣೋ, ವರ್ಷವೆಲ್ಲ ನಮ್ಮಿಂದ ನಿಮ್ಗೆ ತೊಂದ್ರೆ. ನಿಮ್ಮ ಕೊಳಕ್ಕೆ ಯಾರ ಕಣ್ಣೂ ಬೀಳ್ಬಾರ್ದು" ಎಂದವನೇ, ಕಾಯನ್ನು ಪಂಪುಮನೆಗೆ ಮೂರು ಸುತ್ತು ನಿವಾಳಿಸಿ, ಕೊಳದ ದಡದ ಮೇಲೇ ಎತ್ತಿ ಕುಕ್ಕಿದ. ಅದರ ಹೊಟ್ಟೆಯಲ್ಲಿ ಅರ್ಧ ಸೇರು ಕುಂಕುಮ ತುಂಬಿಸಿದ್ದ. ಪ್ರೀತಿ ಹೆಚ್ಚಾದಷ್ಟೂ ಕುಂಕುಮ ಹೆಚ್ಚು ಎಂದು ಅವನ ಲೆಕ್ಕ. ಕಾಯಿ ಸಿಡಿದು, ಕುಂಕುಮ ಪೂರ್ತಿ ನೀರಿಗೆ ಹಾರಿತು. ನಾವು ನೋಡುತ್ತಿದ್ದಂತೆ ಕೊಳದ ಒಂದು ಮೂಲೆ ಕೆಂಪಗೆ ಹರಡಿಕೊಂಡಿತು.

ಮೇಸ್ತ್ರಿಯ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. ನಾನಾಗಿದ್ದರೆ ಅವನನ್ನು ಅದೇ ನೀರಿಗೆ ತಳ್ಳುತ್ತಿದ್ದೆ. ಇವರು ಪುರಿಯ ಪೊಟ್ಟಣ ನನ್ನ ಕೈಗೆ ಕೊಟ್ಟು, "ನೀನು ಒಳ್ಳೇದಕ್ಕೇ ಮಾಡ್ದೆ ಮೇಸ್ತ್ರಿ. ಈಗ ಅಂಗಿ ಬಿಚ್ಚು, ಬಕೆಟ್ಟು ತಗೋ" ಎಂದರು. ಆ ಮಧ್ಯಾಹ್ನ ಗಾರೆ ಕೆಲಸದವರು, ನಾವು, ಪಿ.ಟಿ. ಮೇಡಂ ಎಲ್ಲ ಸೇರಿ ದಡ ತೊಳೆದು, ಕೆಂಪು ನೀರು ಮೊಗೆದು ಹೊರಗೆ ಹಾಕಿದೆವು. ಇವರು ಅಳತೆ ಮಾಡಿ ಬ್ಲೀಚಿಂಗ್ ಪುಡಿ ಕಲಸಿ ಸುರಿದರು. ಸಂಜೆಗೆ ಕೆಂಪು ತಿಳಿ ಗುಲಾಬಿಯಾಯಿತು. "ಬಣ್ಣ ಕ್ಲೋರಿನ್ನಿಗೆ ಸೋತೇ ಸೋಲ್ತದೆ. ಬೆಳಿಗ್ಗೆ ನೋಡೋಣ ಬುಡಿ" ಎಂದು ನಮ್ಮನ್ನು ಮನೆಗೆ ಕಳಿಸಿದರು.

ವಿಜಯದಶಮಿಯ ಬೆಳಿಗ್ಗೆ ನಾನು ಹೋದಾಗ ಗೇಟಿನ ಹೊರಗೆ ಹನ್ನೆರಡು ಮಕ್ಕಳೂ ಅವರ ತಾಯಂದಿರೂ ನಿಂತಿದ್ದರು. ಒಳಗೆ ಅಧ್ಯಕ್ಷರು, ಪಿ.ಟಿ. ಮೇಡಂ, ಮೇಸ್ತ್ರಿ. ಕೊಳ ನೋಡಿ ನನ್ನ ಎದೆ ಹಗುರಾಯಿತು. ಒಂದು ಹನಿ ಕೆಂಪು ಉಳಿದಿರಲಿಲ್ಲ, ತಳದ ಟೈಲ್ಸಿನ ಗೆರೆಗಳೂ ಕಾಣುತ್ತಿದ್ದವು. ಇವರು ಆಳದ ತುದಿಯಲ್ಲಿ ಬೆನ್ನ ಹಿಂದೆ ಕೈ ಕಟ್ಟಿ ನಿಂತಿದ್ದರು. ತುಟಿ ಆಡಿ ನಿಂತಿತು. ಮತ್ತೆ ಆಡಿತು.

"ಎಂಟೇ ಸಾರ್" ಎಂದರು.

"ಏನ್ರೀ ಇದು, ನೀರು ಕನ್ನಡಿ ಹಾಗಿದೆಯಲ್ಲ" ಎಂದು ಅಧ್ಯಕ್ಷರು ಬಗ್ಗಿ ನೋಡಿದರು. ಪಿ.ಟಿ. ಮೇಡಂ ಗಟ್ಟಿಯಾಗಿ ಎಣಿಸಿದರು, ಹನ್ನೊಂದು. ನಾನೂ ಎಣಿಸಿದೆ, ಹನ್ನೊಂದು. ಮೇಸ್ತ್ರಿ ಬೆರಳು ಮಡಿಸಿ ಮಡಿಸಿ ಎಣಿಸಿ, "ಅಣ್ಣೋ, ಅನ್ನೊಂದು ಐತೆ ಕಣಣ್ಣ" ಎಂದ, ಅಳುವ ದನಿಯಲ್ಲಿ.

ಇವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಕುಕ್ಕರಗಾಲಲ್ಲಿ ಕೂತು, ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು, ಮತ್ತೊಮ್ಮೆ ನೀರಿನೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಅಂಗಾದ್ರೆ ಧೂಳಲ್ಲ ಸಾರ್. ನನ್ನ ಕಣ್ಣು" ಎಂದರು.

ಅಧ್ಯಕ್ಷರು ಒಳ್ಳೆಯವರು, ದನಿ ತಗ್ಗಿಸಿದರು. "ಹೋಗ್ಲಿ ಬಿಡಿ. ನಮಗೆಲ್ಲ ಕಾಣ್ತಿದೆಯಲ್ಲ. ಗೇಟು ತೆಗೀರಿ, ಮಕ್ಕಳು ಕಾಯ್ತಿದ್ದಾರೆ. ಯಾರಿಗೂ ಹೇಳೋದು ಬೇಡ."

"ನಿಮ್ಗೆ ಕಂಡ್ರೆ ಸಾಲದು ಸಾರ್. ಅಲ್ಲಿ ಕುರ್ಚಿ ಮೇಲೆ ಕುಂತು ನೋಡ್ಕೊಳೋನು ನಾನು. ನನ್ಗೆ ಕಾಣ್ಬೇಕು."

ಅವರು ಎದ್ದು, ಕತ್ತಿನ ಸೀಟಿ ತೆಗೆದು, ಟವೆಲ್ಲಿನಲ್ಲಿ ಒರೆಸಿ ಪಿ.ಟಿ. ಮೇಡಂ ಕೈಗೆ ಕೊಟ್ಟರು. "ನೀವು ಕುಂತ್ಕೊಳಿ ಮೇಡಂ. ನೀರು ಚೆನ್ನಾಗೈತೆ ಅಂತೀರಲ್ಲ, ಇಳ್ಸಿ. ನಾನು ಗೇಟ್ ತಾವ ಕಾಲು ತೊಳ್ಸ್ತೀನಿ." ಹನ್ನೆರಡು ಮಕ್ಕಳ ಕಾಲನ್ನೂ ಎರಡೆರಡು ಸಲ ತೊಳೆಸಿ ಅವರೇ ಒಳಗೆ ಬಿಟ್ಟರು. ಮಕ್ಕಳು ಕಿರುಚಾಡುತ್ತಾ ನೀರಿಗಿಳಿದರು. ಕೊಳ ಉಳಿಯಿತು. ಇವರು ಗೇಟಿನ ಪಕ್ಕ, ನೀರಿಗೆ ಬೆನ್ನು ಮಾಡಿ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅಷ್ಟು ತಿಂಗಳು ನನಗೆ ಹನ್ನೊಂದು ಕಾಣುತ್ತಿತ್ತು, ಅವರಿಗೆ ಒಂಬತ್ತು. ಫೋನ್ ಆಫೀಸಿನಲ್ಲಿ ಯಾವ ಲೈನ್ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದೇ ನನ್ನ ಕೆಲಸವಾಗಿತ್ತು. ಇದು ಮಾತ್ರ ನನ್ನ ತಲೆಗೆ ಹೊಳೆಯಲೇ ಇಲ್ಲ, ಬರೀ ಬೈದೆ. ಅದನ್ನು ಹೇಳಲು ಬಾಯಿ ತೆರೆದರೆ ಅವರೇ, "ಪಾಪ, ಸುಮ್ನೆ ಮೇಸ್ತ್ರಿ ಧೂಳಿನ ಮೇಲೆ ತಪ್ಪು ಹೊರ್ಸ್ಬುಟ್ಟೆ ಅಮ್ಮಾವ್ರೇ" ಎಂದರು.

ಪೊರೆ ಇರಬೇಕು, ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದು ನಾವೆಲ್ಲ ಧೈರ್ಯ ಹೇಳಿದೆವು. ಪೊರೆಯಲ್ಲ, ಕಣ್ಣಿನ ನರ ಸೋತಿದೆ, ಹೋದ ದೃಷ್ಟಿ ಬರುವುದಿಲ್ಲ, ಇರುವುದನ್ನು ಡ್ರಾಪ್ಸ್ ಹಾಕಿ ಉಳಿಸಿಕೊಳ್ಳಬೇಕು ಎಂದರಂತೆ ಡಾಕ್ಟರು. ದೀಪಾವಳಿಗೆ ಮುಂಚೆ ಅವರು ಕೆಲಸ ಬಿಟ್ಟು ಊರಿಗೆ ಹೋದರು. ಹೋಗುವ ದಿನ ಹೊಸದಾಗಿ ಬಂದವನನ್ನು ಆಳದ ತುದಿಯಲ್ಲಿ ನಿಲ್ಲಿಸಿ ಎಣಿಸುವುದು ಹೇಳಿಕೊಟ್ಟರು ಎಂದು ಕೇಳಿದೆ. ನಾನು ಹೋಗಲಿಲ್ಲ. ಯಾರನ್ನಾದರೂ ಬೀಳ್ಕೊಡುವುದೆಂದರೆ ನನಗೆ ಆಗದು, ಏನಾದರೂ ನೆಪ ಹುಡುಕುತ್ತೇನೆ.

ಅವರನ್ನು ಕೊನೆಯ ಸಲ ನೋಡಿದ್ದು ಹೋದ ವರ್ಷ. ಅಪಾರ್ಟ್‌ಮೆಂಟು ಮುಗಿದು, ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿದ್ದವು, ಧೂಳಿನ ಸುಳಿವಿರಲಿಲ್ಲ. ಕಣ್ಣಾಸ್ಪತ್ರೆಗೆ ಬಂದವರು ಹಾಗೇ ಕ್ಲಬ್ಬಿಗೆ ಬಂದಿದ್ದರು. ಹನ್ನೊಂದು ಗಂಟೆ ಇರಬೇಕು, ಕೊಳದಲ್ಲಿ ಯಾರೂ ಇರಲಿಲ್ಲ, ಹೊಸಬ ಪಂಪುಮನೆಯಲ್ಲಿದ್ದ. ಅವರು ದಡದಲ್ಲಿ ಕೂತು ಕಾಲು ಇಳಿಬಿಟ್ಟಿದ್ದರು. ನನ್ನ ದನಿಯಿಂದಲೇ ಗುರುತು ಹಿಡಿದು, "ಮಂಡಿ ಎಂಗೈತೆ ಅಮ್ಮಾವ್ರೇ?" ಎಂದರು. ಮಾತಿನ ನಡುವೆ ನನಗೆ ಥಟ್ಟನೆ ಒಂದು ಸಂಗತಿ ಹೊಳೆಯಿತು. ಅವರು ನೀರಿಗಿಳಿದಿದ್ದನ್ನು ನಾನು ನೋಡಿದ್ದೇನೆ, ಗೋಡೆ ಉಜ್ಜಲು, ಮಕ್ಕಳ ಕೈ ಹಿಡಿಯಲು. ಈಜಿದ್ದನ್ನು ನೋಡಿಯೇ ಇಲ್ಲ.

"ನೀವು ಈ ಕೊಳದಲ್ಲಿ ಯಾವತ್ತಾದರೂ ಈಜಿದ್ದೀರಾ?" ಎಂದು ಕೇಳಿದೆ.

ಅವರು ನಕ್ಕರು. "ಎಲ್ಲಿ ಬಂತು. ನಾನು ಇಳಿದ್ರೆ ನೋಡ್ಕೊಳೋರು ಯಾರು?"

"ಇವತ್ತು ನಾನಿದ್ದೀನಿ. ಇಳೀರಿ" ಎಂದೆ.

ಬೇಡ ಬೇಡ ಎಂದರು, ವಯಸ್ಸಾಯಿತು ಎಂದರು, ಸದಸ್ಯನಲ್ಲ ಎಂದರು. ನಾನು ಬಿಡಲಿಲ್ಲ. ಕೊನೆಗೆ ಅಂಗಿ ಬಿಚ್ಚಿ ಮಡಿಸಿಟ್ಟು, ನಲ್ಲಿಯ ಕೆಳಗೆ ಮೈ ತೊಳೆದುಕೊಂಡು, ಮೆಟ್ಟಿಲು ತಡವಿಕೊಂಡು ಇಳಿದರು. ಹೊಳೆಯವರ ಈಜು, ತಲೆ ಮೇಲೆ, ಸದ್ದೇ ಇಲ್ಲ. ನಡುಕೊಳಕ್ಕೆ ಹೋಗಿ ಅಂಗಾತ ಮಲಗಿದರು. ಬಿಳಿ ಕೂದಲಿನ ಎದೆ ನೀರಿನ ಮೇಲೆ ಏಳುತ್ತಾ ಇಳಿಯುತ್ತಾ ಇತ್ತು, ಕಣ್ಣು ಮುಚ್ಚಿದ್ದವು. ನನ್ನ ಚೀಲದಲ್ಲಿ ಫೋನು ಬಡಿದುಕೊಂಡಿತು, ತೆಗೆಯಲಿಲ್ಲ. ಅಧ್ಯಕ್ಷರ ಹೆಂಡತಿ ಬಂದು ಏನೋ ಕೇಳಿದರು, ಮುಖ ತಿರುಗಿಸದೆ ಹೂಂಗುಟ್ಟಿದೆ. ಆಕೆ ನನ್ನನ್ನು ಜಂಬದವಳು ಎಂದುಕೊಂಡು ಹೋಗಿರಬೇಕು.

ಕಾಲು ಗಂಟೆಯಾಗಿರಬಹುದು. ಮಲಗಿದಲ್ಲಿಂದಲೇ ಅವರು ಕರೆದರು. "ಅಮ್ಮಾವ್ರೇ, ಇದ್ದೀರಾ?"

"ಇದ್ದೀನಿ. ನೋಡ್ತಾ ಇದ್ದೀನಿ" ಎಂದೆ.

ಅವರು ಮಗ್ಗುಲು ತಿರುಗಿ, ನಿಧಾನವಾಗಿ ಕೈ ಬೀಸುತ್ತಾ ಆಳದ ಕಡೆಗೆ ಹೊರಟರು.